ಒಗೆಯುವ ಯಂತ್ರವನ್ನು ಒಗೆಯುವವರು ಯಾರು?

‘ನಿಮಗೇನಮ್ಮ, ಮನೆಯಲ್ಲಿ ಮಿಷನ್ ಇದೆ. ಗುಂಡಿ ಒತ್ತಿದರೆ ಮುಗಿಯಿತು.’ ಈ ಮಾತನ್ನು ಒಮ್ಮೆಯೂ ಕೇಳದ ಗೃಹಿಣಿ ನಮ್ಮ ಊರುಗಳಲ್ಲಿ ಯಾರಾದರೂ ಇದ್ದರೆ ಅವಳಿಗೊಂದು ದೊಡ್ಡ ನಮಸ್ಕಾರ. ಅತ್ತೆ ಹೇಳುತ್ತಾರೆ, ನಾದಿನಿ ಹೇಳುತ್ತಾಳೆ, ಆಫೀಸಿನಲ್ಲಿ ಪಕ್ಕದ ಮೇಜಿನವರು ಹೇಳುತ್ತಾರೆ. ಎಲ್ಲರಿಗಿಂತ ಹೆಚ್ಚಾಗಿ, ಆ ಗುಂಡಿಯನ್ನು ಜನ್ಮದಲ್ಲಿ ಒಂದು ಸಲವೂ ಒತ್ತದ ಮಹನೀಯರು ಹೇಳುತ್ತಾರೆ. ಗುಂಡಿ ಒತ್ತುವುದಕ್ಕೆ ಮುಂಚೆ ಏನು, ಒತ್ತಿದ ಮೇಲೆ ಏನು ಎಂದು ಯಾರೂ ಕೇಳುವುದಿಲ್ಲ. ಬಟ್ಟೆ ವಿಂಗಡಿಸಬೇಕು, ಜೇಬು ತಡಕಬೇಕು, ಕಾಲರು ತಿಕ್ಕಬೇಕು, ಒಗೆದದ್ದನ್ನು ಒಣಗಿಸಬೇಕು, ಮಡಿಸಬೇಕು. ಇಷ್ಟೆಲ್ಲ ಆದ ಮೇಲೂ ಇನ್ನೊಂದು ಕೆಲಸ ಉಳಿಯುತ್ತದೆ. ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ: ಬಟ್ಟೆ ಒಗೆಯುವ ಯಂತ್ರವನ್ನೇ ಒಗೆಯುವ ಕೆಲಸ.

ನನ್ನ ತಕರಾರು ಇರುವುದು ಈ ಕಡೆಯ ಕೆಲಸದ ಬಗ್ಗೆ. ಯಂತ್ರ ಬೇಡ, ಕಲ್ಲಿನ ಮೇಲೆ ಕುಕ್ಕುವುದೇ ಚೆಂದ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರು ಸಾಮಾನ್ಯವಾಗಿ ಕುಕ್ಕಿದವರಾಗಿರುವುದಿಲ್ಲ. ನನ್ನ ವಾದ ಇಷ್ಟೇ. ಯಂತ್ರವನ್ನು ನೋಡಿಕೊಳ್ಳುವುದು ಒಂದು ವಿದ್ಯೆ. ಅದನ್ನು ನಮಗೆ ಯಾರೂ ಹೇಳಿಕೊಡುವುದಿಲ್ಲ, ಅದು ಕೆಟ್ಟಾಗ ಮಾತ್ರ ನಮ್ಮನ್ನು ದೂರುತ್ತಾರೆ. ಕೊಳ್ಳುವಾಗ ಯಜಮಾನರ ಯಂತ್ರ, ಕೆಟ್ಟಾಗ ಹೆಂಗಸಿನ ಯಂತ್ರ. ಇದು ಯಾವ ನ್ಯಾಯ?

ಅಂಗಡಿಯಲ್ಲಿ ನಡೆಯುವುದನ್ನು ನೀವೂ ನೋಡಿದ್ದೀರಿ. ಮಾರುವ ಹುಡುಗ ಕಿಲೋ ಎಷ್ಟು, ನಕ್ಷತ್ರ ಎಷ್ಟು, ಕಂತು ಎಷ್ಟು ಎಂಬುದನ್ನೆಲ್ಲ ಗಂಡಸಿನ ಮುಖ ನೋಡಿ ಹೇಳುತ್ತಾನೆ. ಬಣ್ಣ ಯಾವುದು ಬೇಕು ಎಂಬ ಒಂದು ಪ್ರಶ್ನೆಯನ್ನು ಮಾತ್ರ ನಮ್ಮ ಕಡೆ ತಿರುಗಿ ಕೇಳುತ್ತಾನೆ. ಎರಡು ವರ್ಷವಾದ ಮೇಲೆ ಯಂತ್ರ ನಡುಗತೊಡಗಿದಾಗಲೋ ನೀರು ಬಿಡದೆ ನಿಂತಾಗಲೋ ಕಂಪನಿಯ ಮೆಕ್ಯಾನಿಕ್ ಬರುತ್ತಾನೆ. ಆಗ ಅವನು ತಿರುಗುವುದು ನಮ್ಮ ಕಡೆಗೆ. ‘ಮೇಡಂ, ಯೂಸ್ ಮಾಡೋದು ಸರಿಯಾಗಿಲ್ಲ.’ ಅತ್ತೆ ಒಡೆದರೆ ಹಳೆಯ ಮಡಕೆ, ಸೊಸೆ ಒಡೆದರೆ ಹೊಸ ಮಡಕೆ ಎಂಬ ಗಾದೆಗೆ ಹೊಸ ಕಾಲದ ಅರ್ಥ ಇದೇ ಇರಬೇಕು. ಕಂಪನಿಯಿಂದ ಕೆಟ್ಟರೆ ಸವೆತ, ಗೃಹಿಣಿಯಿಂದ ಕೆಟ್ಟರೆ ತಪ್ಪು.

ತಪ್ಪು ಯಾರದು ಎಂದು ನೋಡೋಣ. ನಾನಿರುವುದು ಚಿತ್ರದುರ್ಗದಲ್ಲಿ. ನನ್ನ ತಂಗಿ ಇರುವುದು ತೀರ್ಥಹಳ್ಳಿಯ ಕಡೆ. ಇಬ್ಬರ ಮನೆಯಲ್ಲೂ ಇರುವುದು ಒಂದೇ ಮಾದರಿಯ, ಮುಂದೆ ಬಾಗಿಲಿರುವ ಯಂತ್ರ. ಇಬ್ಬರೂ ಒಬ್ಬಳೇ ತಾಯಿಯ ಕೈಯಲ್ಲಿ ಒಗೆಯುವುದನ್ನು ಕಲಿತವರು, ಸಾಬೂನು ಹಾಕುವ ಕೈಯೂ ಒಂದೇ. ಆದರೂ ನನ್ನ ಯಂತ್ರದ ಡಬ್ಬಿಯಲ್ಲಿ, ನಲ್ಲಿಯ ಬಾಯಲ್ಲಿ ಬಿಳಿಯ ಹಕ್ಕಳೆ ಕಟ್ಟುತ್ತದೆ. ಅವಳ ಯಂತ್ರದಲ್ಲಿ ಹತ್ತು ವರ್ಷವಾದರೂ ಬಿಳಿಯ ಸುಳಿವಿಲ್ಲ. ಅವಳಿಗೆ ಕಪ್ಪಿನ ಕಾಟ. ಆಷಾಢ ಶ್ರಾವಣದ ಜಡಿಮಳೆಯಲ್ಲಿ ಬಾಗಿಲಿನ ರಬ್ಬರಿನ ಮಡಿಕೆಯಲ್ಲಿ ಬೂಸಲು ಹಿಡಿದು ಕರ್ರಗಾಗುತ್ತದೆ, ಬಟ್ಟೆಯೆಲ್ಲ ಮುಗ್ಗಲು ವಾಸನೆ. ನಮ್ಮಲ್ಲಿ ಕೊಳವೆಬಾವಿಯ ಗಡಸು ನೀರು, ಅವಳಲ್ಲಿ ಮಲೆನಾಡಿನ ಮೆದು ನೀರು ಮತ್ತು ತೇವ. ಎರಡು ಊರು, ಎರಡು ರೋಗ. ಕಂಪನಿ ಕೊಟ್ಟ ಪುಸ್ತಕ ಮಾತ್ರ ಒಂದೇ. ಅದರಲ್ಲಿ ಕನ್ನಡದ ಒಂದು ಸಾಲೂ ಇಲ್ಲ.

ಗಡಸು ನೀರೆಂದರೆ ಬೇರೇನೂ ಅಲ್ಲ, ನೆಲದೊಳಗಿನ ಕಲ್ಲುಮಣ್ಣಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡು ಬಂದ ನೀರು. ಅದನ್ನು ಕಾಯಿಸಿದರೆ ಸುಣ್ಣದಂಥ ಪದಾರ್ಥ ಹಕ್ಕಳೆಗಟ್ಟುತ್ತದೆ. ನಮ್ಮ ಬಚ್ಚಲ ಹಂಡೆಯ ಒಳಮೈ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 600ರವರೆಗೆ ಸಹಿಸಬಹುದು. ಈಗ ಮನೆಲೆಕ್ಕ ಹಾಕಿ. ಒಂದು ಒಗೆತಕ್ಕೆ 50 ಲೀಟರು ನೀರು ಹಿಡಿಯಿರಿ. 600 ಮಿಲಿಗ್ರಾಮಿನ ನೀರಾದರೆ ಒಂದು ಒಗೆತಕ್ಕೆ 30 ಗ್ರಾಂ ಸುಣ್ಣದಂಶ ಯಂತ್ರದೊಳಗೆ ಹೋಗಿ ಬರುತ್ತದೆ. ತಿಂಗಳಿಗೆ 20 ಒಗೆತ ಆದರೆ 600 ಗ್ರಾಂ, ಅಂದರೆ ಅರ್ಧ ಕಿಲೋಗಿಂತ ಹೆಚ್ಚು. ಬಹುಪಾಲು ಹೊರಗೆ ಹರಿದುಹೋಗುತ್ತದೆ, ನಿಜ. ನೂರರಲ್ಲಿ ಒಂದು ಪಾಲು ಒಳಗೆ ಅಂಟಿಕೊಂಡರೂ ವರ್ಷಕ್ಕೆ ಎಷ್ಟಾಯಿತು ನೀವೇ ಗುಣಿಸಿ. ನೀರು ಕಾಯಿಸುವ ಸುರುಳಿಯ ಮೇಲೆ ಈ ಹಕ್ಕಳೆ ಕೂತರೆ ಶಾಖ ನೀರಿಗೆ ಇಳಿಯುವುದಿಲ್ಲ, ಕರೆಂಟು ಹೆಚ್ಚು ತಿನ್ನುತ್ತದೆ, ಕಡೆಗೊಂದು ದಿನ ಸುರುಳಿ ಸುಟ್ಟುಹೋಗುತ್ತದೆ. ಇದರಲ್ಲಿ ಹೆಂಗಸಿನ ತಪ್ಪು ಎಲ್ಲಿ ಬಂತು? ಯಂತ್ರ ಮಾರುವ ಮುನ್ನ ‘ನಿಮ್ಮ ಮನೆಗೆ ಯಾವ ನೀರು ಬರುತ್ತದೆ?’ ಎಂದು ಕೇಳದವನದಲ್ಲವೇ ತಪ್ಪು?

ಕೇಳುವುದಿಲ್ಲ, ಏಕೆಂದರೆ ಕೇಳದಿರುವುದರಲ್ಲಿ ಲಾಭವಿದೆ. ಮೊದಲು ಯಂತ್ರ ಮಾರುತ್ತಾರೆ. ಹಕ್ಕಳೆ ಕಟ್ಟಿದ ಮೇಲೆ ಅದನ್ನು ತೆಗೆಯುವ ಪುಡಿ ಮಾರುತ್ತಾರೆ, ಆಮೇಲೆ ನೀರು ಮೆದು ಮಾಡುವ ಕೊಳವೆ, ಆಮೇಲೆ ವಾರ್ಷಿಕ ಒಪ್ಪಂದ. ಬಣ್ಣದ ಪ್ಯಾಕೆಟ್ಟಿನಲ್ಲಿ ಬರುವ ಹಕ್ಕಳೆ ಪುಡಿಯನ್ನು ಒಮ್ಮೆ ತಿರುಗಿಸಿ ಓದಿ. ಹಲವದರಲ್ಲಿ ಮುಖ್ಯವಾಗಿ ಇರುವುದು ಸಿಟ್ರಿಕ್ ಆಮ್ಲ, ನಮ್ಮ ದಿನಸಿ ಅಂಗಡಿಯ ನಿಂಬೆ ಉಪ್ಪು. ನೀರು ಕಾಯಿಸುವ ಯಂತ್ರಕ್ಕೆ ಎರಡು ಮೂರು ತಿಂಗಳಿಗೊಮ್ಮೆ ನೂರು ಗ್ರಾಂ ನಿಂಬೆ ಉಪ್ಪನ್ನು ಖಾಲಿ ಡ್ರಮ್ಮಿಗೆ ಹಾಕಿ, ಬಿಸಿನೀರಿನ ಒಂದು ಸುತ್ತು ಓಡಿಸಿದರೆ ಹಕ್ಕಳೆ ಕರಗುತ್ತದೆ. ವಾರಕ್ಕೊಮ್ಮೆ ಮಾಡಲು ಹೋಗಬೇಡಿ. ಆಮ್ಲ ಅತಿಯಾದರೆ ರಬ್ಬರಿಗೂ ಲೋಹಕ್ಕೂ ಒಳ್ಳೆಯದಲ್ಲ. ತಂಗಿಯ ತೀರ್ಥಹಳ್ಳಿಯ ಯಂತ್ರಕ್ಕೆ ಇದು ಹೆಚ್ಚುಕಡಿಮೆ ಬೇಡವೇ ಬೇಡ. ಅವಳಿಗೆ ಬೇಕಾದದ್ದು ತಿಂಗಳಿಗೊಮ್ಮೆ ಖಾಲಿ ಯಂತ್ರದಲ್ಲಿ ಒಂದು ಬಿಸಿ ಸುತ್ತು, ಪ್ರತಿ ಒಗೆತದ ನಂತರ ರಬ್ಬರಿನ ಮಡಿಕೆ ಬಿಡಿಸಿ ಒಣಬಟ್ಟೆಯಲ್ಲಿ ಒರೆಸುವುದು, ಬಾಗಿಲನ್ನೂ ಸಾಬೂನಿನ ಡಬ್ಬಿಯನ್ನೂ ತೆರೆದಿಡುವುದು. ‘ಬಾಗಿಲು ಹಾಕದೆ ಹಾಗೇ ಬಿಟ್ಟಿದ್ದೀಯಲ್ಲ’ ಎಂದು ಗದರುವ ಹಿರಿಯರಿಗೆ ಹೇಳಿ, ಯಂತ್ರಕ್ಕೂ ಉಸಿರಾಡಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಅವರು ಒಳಗೆ ನುಸುಳದಂತೆ ಬಚ್ಚಲ ಬಾಗಿಲನ್ನಾದರೂ ಭದ್ರ ಮಾಡಿ.

ಇನ್ನು ಯಂತ್ರಗಳ ಜಾತಿಗೆ ಬರುತ್ತೇನೆ. ಜಾತಿ ಎಂಬ ಮಾತನ್ನು ಬೇಕೆಂದೇ ಬಳಸಿದೆ. ನಮ್ಮಲ್ಲಿ ಇವಕ್ಕೂ ಮೇಲು ಕೀಳು ಉಂಟು. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಎಂದರೆ ಬಡವರದು, ಮೇಲಿನಿಂದ ಬಟ್ಟೆ ಹಾಕುವ ಪೂರ್ಣ ಆಟೋಮ್ಯಾಟಿಕ್ ಮಧ್ಯಮದವರದು, ಮುಂದೆ ಗಾಜಿನ ಬಾಗಿಲಿರುವುದು ನಾಗರಿಕರದು. ಬೀಗರು ಬಂದಾಗ ಎರಡು ತೊಟ್ಟಿಯದರ ಮೇಲೆ ಬಟ್ಟೆ ಹೊದಿಸಿ ಮುಚ್ಚಿಡುವ ಮನೆಗಳನ್ನು ನಾನು ಕಂಡಿದ್ದೇನೆ. ಆದರೆ ನೋಡಿ, ವಾರಕ್ಕೆರಡು ದಿನ ನಲ್ಲಿನೀರು ಬರುವ ಊರಿನಲ್ಲಿ ಬಕೆಟಿನಿಂದ ನೀರು ಸುರಿದರೂ ಓಡುವುದು, ಒಗೆದ ನೀರನ್ನು ಇನ್ನೊಂದು ಕಂತಿನ ಬಟ್ಟೆಗೆ ಬಳಸಲು ಬಿಡುವುದು, ಕರೆಂಟು ಹೋದರೆ ಮುಚ್ಚಳ ತೆಗೆದು ಬಟ್ಟೆ ಎತ್ತಿಕೊಳ್ಳಬಹುದಾದದ್ದು ಅದೊಂದೇ. ಅದರ ಆರೈಕೆಯೂ ಸುಲಭ. ಒಗೆಯುವ ತೊಟ್ಟಿಯಲ್ಲಿರುವ ನೂಲು ಹಿಡಿಯುವ ಜಾಲರಿಯನ್ನು ಪ್ರತಿ ಸಲ ತೊಳೆಯಬೇಕು. ನೀರು ಬಿಡುವ ಕೊಳವೆ ನೆಲಕ್ಕೆ ಇಳಿಜಾರಾಗಿ ಬಿದ್ದಿರಬೇಕು, ಅಲ್ಲಿ ಪಂಪಿಲ್ಲ, ನೀರು ತಾನಾಗಿ ಇಳಿಯಬೇಕು. ಮೋಟಾರು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ ಎಂದರೆ ಹಲವು ಸಲ ಕೆಟ್ಟಿರುವುದು ಕೆಪಾಸಿಟರ್ ಎಂಬ ಸಣ್ಣ ಡಬ್ಬಿ. ತಿರುಗುವ ಸದ್ದಿದ್ದೂ ಬಟ್ಟೆ ಸುತ್ತದಿದ್ದರೆ ಬೆಲ್ಟು ಸಡಿಲವಾಗಿರಬಹುದು. ಕೆಪಾಸಿಟರನ್ನು ನೀವು ಮುಟ್ಟಬೇಡಿ, ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರುತ್ತದೆ. ಆದರೆ ಹೆಸರು ತಿಳಿದಿರಲಿ. ಹೆಸರು ತಿಳಿದವಳಿಗೆ ‘ಮೋಟಾರೇ ಬದಲಿಸಬೇಕು ಮೇಡಂ’ ಎಂದು ಹೇಳಲು ರಿಪೇರಿಯವನು ಒಂದು ಕ್ಷಣ ಯೋಚಿಸುತ್ತಾನೆ. ಒಂದು ಎಚ್ಚರವನ್ನಂತೂ ಗಟ್ಟಿಯಾಗಿ ಹೇಳುತ್ತೇನೆ: ಹಿಂಡುವ ತೊಟ್ಟಿಯ ಮುಚ್ಚಳ ತೆರೆದರೆ ಅದು ಕೆಲವೇ ಕ್ಷಣದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಬ್ರೇಕು ಕೆಟ್ಟಿದೆ ಎಂದೇ ಅರ್ಥ. ಆಮೇಲೆ ಸರಿ ಮಾಡಿಸೋಣ ಎಂದು ಮುಂದೂಡಬೇಡಿ, ತಿರುಗುವ ಸೀರೆಗೆ ಬೆರಳಿನ ಲೆಕ್ಕವಿಲ್ಲ.

ಮೇಲಿನಿಂದ ಬಟ್ಟೆ ಹಾಕುವ ಪೂರ್ಣ ಆಟೋಮ್ಯಾಟಿಕ್‌ಗೆ ನೀರಿನ ಒತ್ತಡ ಬೇಕು. ಟ್ಯಾಂಕಿ ಯಂತ್ರದ ನೆತ್ತಿಯ ಮೇಲೇ ಇದ್ದರೆ ನೀರು ತುಂಬುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ನೀರು ನಿಧಾನ ಎಂದು ದೂರುವ ಮುನ್ನ ಕೊಳವೆ ಯಂತ್ರಕ್ಕೆ ಸೇರುವ ಕಡೆ ಬೆರಳಗಲದ ಜಾಲರಿಯಿದೆ, ನಲ್ಲಿ ಮುಚ್ಚಿ ಅದನ್ನು ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಕೊಳವೆಬಾವಿಯ ಮರಳೆಲ್ಲ ಅಲ್ಲೇ ಕೂತಿರುತ್ತದೆ. ಈ ಯಂತ್ರದ ಗುಟ್ಟು ಇರುವುದು ಕಾಣದ ಕಡೆ. ನಮಗೆ ಕಾಣುವ ಹೊಳೆಯುವ ತೊಟ್ಟಿಯ ಹೊರಗೆ ಇನ್ನೊಂದು ತೊಟ್ಟಿಯಿದೆ. ಸಾಬೂನು, ನೂಲು, ಬಟ್ಟೆ ಮೆದು ಮಾಡುವ ಸುವಾಸನೆಯ ದ್ರವದ ಜಿಡ್ಡು ಎಲ್ಲ ಆ ಎರಡರ ನಡುವೆ ಅಂಟುತ್ತವೆ. ಒಗೆದ ಬಿಳಿ ಪಂಚೆಯ ಮೇಲೆ ಕಂದು ಚೂರುಗಳು ಕಂಡರೆ ಅವು ಅಲ್ಲಿಂದ ಬಂದವು. ಆ ಸುವಾಸನೆಯ ದ್ರವವನ್ನು ಕಡಿಮೆ ಮಾಡಿ. ತಿಂಗಳು ಎರಡು ತಿಂಗಳಿಗೊಮ್ಮೆ ತೊಟ್ಟಿ ತೊಳೆಯುವ ಸುತ್ತನ್ನು ಓಡಿಸಿ. ನೀರು ಕಾಯಿಸುವ ಸೌಕರ್ಯ ಇಲ್ಲದಿದ್ದರೆ ಕೈ ತಾಳುವುದಕ್ಕಿಂತ ತುಸು ಹೆಚ್ಚು ಬಿಸಿಯಾದ ನೀರು ಸುರಿಯಿರಿ, ಕುದಿಯುವ ನೀರು ಬೇಡ.

ಮುಂದೆ ಬಾಗಿಲಿನದು ನೀರು ಕಡಿಮೆ ಕೇಳುತ್ತದೆ, ಗಮನ ಹೆಚ್ಚು ಕೇಳುತ್ತದೆ. ಕೈಯಲ್ಲಿ ಒಗೆಯುವ ಪುಡಿಯನ್ನು ಹಾಕಿದರೆ ನೊರೆ ಉಕ್ಕಿ ಒಳಗೆಲ್ಲ ಪದರಗಟ್ಟುತ್ತದೆ. ಕಡಿಮೆ ನೊರೆಯ ಸಾಬೂನು ಬೇಕು, ಅದೂ ಅಳತೆಯಲ್ಲಿ. ನೊರೆ ಹೆಚ್ಚಾದರೆ ಕೊಳೆ ಹೋಯಿತು ಎನ್ನುವುದು ಜಾಹೀರಾತು ನಮಗೆ ಕಲಿಸಿದ ಪಾಠ. ನೀರು ಬಿಡುವ ಕೊಳವೆಯನ್ನು ಪುಸ್ತಕದಲ್ಲಿ ಹೇಳಿದ ಎತ್ತರದಲ್ಲಿ, ಸಾಮಾನ್ಯವಾಗಿ ನೆಲದಿಂದ ಎರಡು ಮೂರು ಅಡಿ ಮೇಲೆ ಸಿಕ್ಕಿಸಿರಬೇಕು. ನೆಲದ ಮೇಲೆ ಚೆಲ್ಲಿಬಿಟ್ಟರೆ ತುಂಬಿದ ನೀರು ತಾನಾಗಿ ಸೋರಿಹೋಗುತ್ತದೆ. ಇನ್ನು ಮುಂಭಾಗದ ಕೆಳಮೂಲೆಯಲ್ಲಿ ಒಂದು ಸಣ್ಣ ಬಾಗಿಲು, ಅದರ ಹಿಂದೆ ಪಂಪಿನ ಜಾಲರಿ. ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂದು ಗಾದೆ ಮಾಡಿದವರು ಇದನ್ನು ನೋಡಬೇಕಿತ್ತು. ಈ ಯಂತ್ರವನ್ನು ಉಳಿಸುವ ಬುದ್ಧಿ ನಿಜಕ್ಕೂ ಮೊಣಕಾಲ ಕೆಳಗೇ ಇದೆ, ಬಗ್ಗಿ ನೋಡುವ ಗಂಡಸರು ಮಾತ್ರ ಕಡಿಮೆ.

ಆ ಜಾಲರಿಯ ವಿಷಯದಲ್ಲಿ ಒಂದು ಪ್ರಸಂಗ ಹೇಳಲೇಬೇಕು, ಏಕೆಂದರೆ ನನ್ನ ಸಿಟ್ಟಿನ ಬೇರು ಅಲ್ಲಿದೆ. ನಮ್ಮ ಬೀದಿಯ ಒಂದು ಮನೆಯಲ್ಲಿ ಯಂತ್ರ ನೀರು ಬಿಡದೆ ನಿಂತುಹೋಯಿತು. ಬಾಗಿಲೂ ತೆರೆಯಲಿಲ್ಲ. ಮನೆಯೊಡತಿ ಕೆಲಸಕ್ಕೆ ಹೋಗುವವಳು, ಯಂತ್ರ ಓಡಿಸುತ್ತಿದ್ದವಳು ಮನೆಗೆಲಸದಾಕೆ. ಮನೆಯವರೆಲ್ಲ ಸೇರಿ ತೀರ್ಮಾನ ಕೊಟ್ಟೇಬಿಟ್ಟರು: ಓದು ಬರಹ ಬಾರದವಳು ಏನೋ ಒತ್ತಿ ಕೆಡಿಸಿದ್ದಾಳೆ, ರಿಪೇರಿಯ ಹಣ ಅವಳ ಸಂಬಳದಲ್ಲಿ ಮುರಿಯುವುದು. ಅವಳು ಅಳುತ್ತ ನಮ್ಮ ಮನೆಗೂ ಬಂದಳು, ನಮ್ಮಲ್ಲೂ ಕೆಲಸ ಮಾಡುವವಳು. ನಾನು ಅವಳ ಜೊತೆ ಹೋದೆ. ಪ್ಲಗ್ಗು ಕಿತ್ತು, ಕೆಳಗಿನ ಪುಟ್ಟ ಬಾಗಿಲು ತೆಗೆದು, ಅಗಲವಾದ ತಟ್ಟೆ ಇಟ್ಟು, ಅಲ್ಲಿರುವ ಸಣ್ಣ ಕೊಳವೆಯಿಂದ ನೀರನ್ನೆಲ್ಲ ಇಳಿಸಿ, ಜಾಲರಿಯ ತಿರುಪು ಬಿಚ್ಚಿದೆ. ಒಳಗಿಂದ ಬಂದದ್ದು ಒಂದು ಐದು ರೂಪಾಯಿ ನಾಣ್ಯ, ಒಂದು ಹಿಡಿ ಕೂದಲು ನೂಲು, ಒಂದು ಪಾನ್ ಮಸಾಲೆಯ ಚೀಟಿ, ಸ್ಕೂಟರಿನ ಒಂದು ವಾಶರು. ಪಾನ್ ಮಸಾಲೆ, ಸ್ಕೂಟರ್ ವಾಶರು ಆ ಮನೆಯಲ್ಲಿ ಯಾರ ಜೇಬಿನಲ್ಲಿರುತ್ತವೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಯಂತ್ರ ಓಡಿತು. ಸಂಬಳ ಮುರಿಯಲಿಲ್ಲ. ಆದರೆ ಅವಳಿಗೆ ‘ತಪ್ಪಾಯಿತು’ ಎಂದು ಒಬ್ಬರೂ ಹೇಳಲಿಲ್ಲ. ಕಂಪನಿ ನಮ್ಮನ್ನು ದೂರುತ್ತದೆ ಎಂದು ಇಷ್ಟು ಹೊತ್ತು ಗೋಳಾಡಿದೆನಲ್ಲ, ಅದೇ ದೂರನ್ನು ನಾವು ನಮಗಿಂತ ಕೆಳಗಿನವಳ ತಲೆಗೆ ಕಟ್ಟುತ್ತೇವೆ. ತಿಳಿವಳಿಕೆ ಇಲ್ಲದ ಕಡೆ ತಪ್ಪು ಯಾವಾಗಲೂ ಇಳಿಜಾರಿಗೇ ಹರಿಯುತ್ತದೆ. ಆ ಜಾಲರಿಯನ್ನು ತೆರೆಯುವುದು ಗೊತ್ತಿರುವುದಕ್ಕೂ ಒಬ್ಬಳ ಅರ್ಧ ತಿಂಗಳ ಸಂಬಳಕ್ಕೂ ಸಂಬಂಧವಿದೆ ಎಂದು ಅಂದು ಕಣ್ಣಾರೆ ಕಂಡೆ.

ತಿಳಿವಳಿಕೆ ಎಂದಾಗ ಇನ್ನೊಂದು ಅಪಾಯವನ್ನೂ ಹೇಳಬೇಕು. ಈಗ ಮೊಬೈಲಿನಲ್ಲಿ ದಿನಕ್ಕೊಂದು ಉಪಾಯ ಹರಿದುಬರುತ್ತದೆ. ಅಡುಗೆ ಸೋಡ ಮತ್ತು ವಿನಿಗರ್ ಬೆರೆಸಿ ಹಾಕಿ, ನೊರೆ ನೋಡಿ ಆನಂದಿಸಿ ಎನ್ನುತ್ತಾರೆ. ಸೋಡ ಕ್ಷಾರ, ವಿನಿಗರ್ ಆಮ್ಲ. ಎರಡೂ ಸೇರಿದರೆ ಒಂದನ್ನೊಂದು ತಿಂದುಹಾಕುತ್ತವೆ, ನಮ್ಮ ಪಾಲಿಗೆ ಉಳಿಯುವುದು ನೊರೆಯ ತಮಾಷೆ. ಅದಾದರೂ ನಿರಪಾಯ. ಬ್ಲೀಚಿಂಗ್ ದ್ರವವನ್ನು ನಿಂಬೆ ಉಪ್ಪಿನ ಜೊತೆಗೋ ವಿನಿಗರಿನ ಜೊತೆಗೋ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಇಂಥದ್ದನ್ನು ಯಂತ್ರದ ಮೈಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿದರೆ ಕಂಪನಿಗಳ ಗಂಟೇನು ಹೋಗುತ್ತದೆ?

ಒಗೆಯುವುದು ಹಿಂದೆಯೂ ರಸಾಯನಶಾಸ್ತ್ರವೇ ಆಗಿತ್ತು. ಸವಳುಮಣ್ಣು ಯಾವ ಬಟ್ಟೆಗೆ, ಅಂಟುವಾಳ ಯಾವುದಕ್ಕೆ ಎಂದು ನಮ್ಮ ಮಡಿವಾಳರಿಗೆ ಗೊತ್ತಿತ್ತು. ರೇಷ್ಮೆಗೆ ಕ್ಷಾರ ಆಗದು ಎಂದು ಅವರಿಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರು ಒಗೆಯುವುದನ್ನೇ ಕಾಯಕ ಎಂದು ಎದೆಯೆತ್ತಿ ನಡೆದ ನಾಡು ಇದು. ಆ ಕಾಯಕ ಯಂತ್ರದೊಳಗೆ ಸೇರಿ ಅಡುಗೆಮನೆಯ ಪಕ್ಕಕ್ಕೆ ಬಂದ ಕೂಡಲೆ ಅದು ವಿದ್ಯೆಯೂ ಅಲ್ಲ, ಕೆಲಸವೂ ಅಲ್ಲ, ‘ಗುಂಡಿ ಒತ್ತುವುದು’ ಆಗಿಬಿಟ್ಟಿತು. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಪುಸ್ತಕ ಬರೆದರು. ಮನೆಯ ಯಂತ್ರಗಳು ಬಂದ ಮೇಲೆ ತಾಯಿಯ ಕೆಲಸ ಕಡಿಮೆಯಾಗಲಿಲ್ಲ, ಬೇರೆಯವರು ಹಂಚಿಕೊಳ್ಳುತ್ತಿದ್ದ ಪಾಲು ಇಲ್ಲವಾಯಿತು ಎಂಬುದು ಅವರ ವಾದ. ಹೊರಗಿನ ಲಾಂಡ್ರಿಗೆ ಹೋಗುತ್ತಿದ್ದ ಬಟ್ಟೆ ಅಲ್ಲಿ ಯಂತ್ರದ ನೆಪದಲ್ಲಿ ಮನೆಗೆ ವಾಪಸು ಬಂತು. ನಮ್ಮಲ್ಲೂ ಆದದ್ದು ಬೇರೆಯೇನಲ್ಲ. ಮೊದಲು ಎರಡು ದಿನ ಉಡುತ್ತಿದ್ದ ಅಂಗಿ ಈಗ ಅರ್ಧ ದಿನಕ್ಕೇ ಬುಟ್ಟಿಗೆ ಬೀಳುತ್ತದೆ. ಮಿಷನ್ ಇದೆಯಲ್ಲ!

ಅಂಕಿ ಬೇಕೆನ್ನುವವರಿಗೆ ಅಂಕಿಯೂ ಇದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದು 289ಕ್ಕೆ ಇಳಿಯಿತು. ಸಂತೋಷ. ಗಂಡಸರದು 88ಕ್ಕೆ ಇಳಿಯಿತು. ಐದು ವರ್ಷದಲ್ಲಿ ನಮಗೆ ಹತ್ತು ನಿಮಿಷ ಬಿಡುವು ಸಿಕ್ಕಿದರೆ ಅವರೂ ಒಂಬತ್ತು ನಿಮಿಷ ಬಿಡುವು ಮಾಡಿಕೊಂಡರು. ನಮ್ಮ ಕೈಯಿಂದ ಜಾರಿದ ಹತ್ತು ನಿಮಿಷವನ್ನು ಅವರೇನೂ ಎತ್ತಿಕೊಳ್ಳಲಿಲ್ಲ ಎಂಬುದಷ್ಟೇ ಇದರಲ್ಲಿ ಸ್ಪಷ್ಟ.

ಇಲ್ಲಿ ಕೆಲವು ಗೆಳತಿಯರು ನನ್ನನ್ನು ತಡೆಯುತ್ತಾರೆ. ‘ಇರುವ ಕೆಲಸವೇ ಸಾಲದೆ? ಜಾಲರಿ, ಹಕ್ಕಳೆ, ಕೆಪಾಸಿಟರ್ ಎಂದು ಇನ್ನೊಂದು ಹೊರೆ ನಮ್ಮ ತಲೆಯ ಮೇಲೇಕೆ ಹೊರಿಸುತ್ತೀಯೆ? ದುಡ್ಡು ಕೊಟ್ಟರೆ ಕಂಪನಿಯವನು ಬಂದು ಮಾಡುತ್ತಾನೆ.’ ಈ ಮಾತನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. ದಣಿದವರ ಮಾತಿದು. ಆದರೆ ಕಂಪನಿಯವನು ಬರುವುದು ಕೆಟ್ಟ ಮೇಲೆ, ಕೆಡದಂತೆ ನೋಡಿಕೊಳ್ಳುವ ಹೊರೆ ಹೇಗೂ ನಮ್ಮ ಮನೆಯಲ್ಲೇ ಇದೆ. ಅದು ಎಷ್ಟು ಎಂದು ತಿಳಿಯದೆ ಅದನ್ನು ಹಂಚುವುದಾದರೂ ಹೇಗೆ? ‘ಸ್ವಲ್ಪ ಸಹಾಯ ಮಾಡಿ’ ಎಂದರೆ ಯಾರೂ ಮಾಡುವುದಿಲ್ಲ. ‘ತಿಂಗಳ ಮೊದಲ ಭಾನುವಾರ ಪಂಪಿನ ಜಾಲರಿ ನಿಮ್ಮದು, ನೀರಿನ ಜಾಲರಿ ಮಗನದು, ಅವರವರ ಜೇಬು ಅವರವರು ತಡಕಿಕೊಂಡೇ ಬುಟ್ಟಿಗೆ ಹಾಕುವುದು’ ಎಂದು ಹೆಸರು ಹಿಡಿದು ಹೇಳಿದರೆ ನುಣುಚಿಕೊಳ್ಳಲು ದಾರಿಯಿರುವುದಿಲ್ಲ. ನಾನು ಹೇಳುವುದು ಕಲಿಯಿರಿ ಎಂದೇ ಹೊರತು ಎಲ್ಲವನ್ನೂ ನೀವೇ ಮಾಡಿ ಎಂದಲ್ಲ. ವಿದ್ಯೆ ನಮ್ಮ ಕೈಯಲ್ಲಿರಲಿ, ಕೆಲಸ ಎಲ್ಲರ ಕೈಗೂ ಹೋಗಲಿ. ನಮ್ಮ ಮನೆಯಲ್ಲಿ ಈಗ ಹಾಗೇ ನಡೆದಿದೆ. ಗೊಣಗುತ್ತಾರೆ, ಆದರೆ ಬಗ್ಗುತ್ತಾರೆ.

ಮನೆಯ ಹೊರಗೂ ಕೇಳಬೇಕಾದದ್ದಿದೆ. ಯಂತ್ರ ಕೂರಿಸಲು ಬಂದವನು ಹಿಂಭಾಗದ ಸಾಗಾಟದ ಬೋಲ್ಟುಗಳನ್ನು ಬಿಚ್ಚಿದನೇ, ನಾಲ್ಕು ಕಾಲು ಸಮ ಮಾಡಿದನೇ, ಗೋಡೆಯ ಪ್ಲಗ್ಗಿಗೆ ಅರ್ತಿಂಗ್ ಇದೆಯೇ ನೋಡಿದನೇ ಎಂದು ನಿಂತು ಕೇಳಿ. ಬೋಲ್ಟು ಬಿಚ್ಚದೆ ಓಡಿಸಿದ ಯಂತ್ರ ಮನೆ ತುಂಬ ಕುಣಿಯುತ್ತದೆ. ಮುಟ್ಟಿದರೆ ಜುಮ್ಮೆನ್ನುವ ಯಂತ್ರವನ್ನು ಆ ಕ್ಷಣವೇ ನಿಲ್ಲಿಸಿ. ತಳದಲ್ಲಿ ಇಲಿಜಾಲರಿ ಇಲ್ಲದಿದ್ದರೆ ಹಾಕಿಸಿ. ಇಲಿ ಕಡಿದದ್ದಕ್ಕೆ ವಾರಂಟಿ ಇಲ್ಲವೆಂದು ನಮ್ಮ ಮನೆಯ ಕಾರ್ಡಿನಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದೆ. ಪುಸ್ತಕ ಕನ್ನಡದಲ್ಲಿ ಕೊಡಿ ಎಂದು ಬರೆದು ಕೇಳಿ. ‘ಈ ಮಾದರಿ ಹಳೆಯದು, ಪಾರ್ಟ್ ಸಿಗುವುದಿಲ್ಲ, ಹೊಸದು ತೆಗೆದುಕೊಳ್ಳಿ’ ಎಂಬ ಮಾತಿಗೆ ತಲೆಯಾಡಿಸಬೇಡಿ. ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚಿನಿಂದ ಜಾರಿಯಲ್ಲಿರುವ ನಿಯಮದಂತೆ, ಒಂದು ಮಾದರಿಯ ಕಡೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಹತ್ತು ವರ್ಷ ಅದರ ಮುಖ್ಯ ಬಿಡಿಭಾಗಗಳು ಸಿಗಬೇಕು. ಬಾಗಿಲಿನ ರಬ್ಬರು, ಸಾಬೂನಿನ ಡಬ್ಬಿಯಂಥವನ್ನು ಬಳಸುವವರೇ ನೇರವಾಗಿ ಕೊಳ್ಳುವಂತಿರಬೇಕು. ನಮ್ಮಲ್ಲೂ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಸಮಿತಿ ಮಾಡಿತು. ಗೃಹಬಳಕೆಯ ಯಂತ್ರಗಳೂ ಅದರ ಪಟ್ಟಿಯಲ್ಲಿವೆ. ಆ ಹಕ್ಕು ಕಟ್ಟುನಿಟ್ಟಿನ ಕಾನೂನಾಗಿ ಬರಬೇಕಾದರೆ ಕೇಳುವವರು ಹೆಚ್ಚಬೇಕು. ಈಗಲೂ 1915ಕ್ಕೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೂರು ಬರೆದುಕೊಳ್ಳುತ್ತದೆ. ಬಿಲ್ಲು, ಮೆಕ್ಯಾನಿಕ್ ಬಂದ ದಿನಾಂಕ, ಅವನು ಹೇಳಿದ ಮಾತು ಇವನ್ನು ಹಾಲಿನ ಲೆಕ್ಕದ ಹಾಗೆ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಬರೆದಿಟ್ಟವಳ ಮುಂದೆ ‘ಯೂಸ್ ಸರಿಯಿಲ್ಲ’ ಎಂಬ ಮಾತು ಬೇಗ ಬಾಡುತ್ತದೆ.

ಇನ್ನು ಮುಂದೆ ಮೆಕ್ಯಾನಿಕ್ ಆ ಮಾತು ಆಡಿದರೆ ಜಗಳಕ್ಕೆ ನಿಲ್ಲಬೇಡಿ. ‘ಯಾವ ಭಾಗ ಕೆಟ್ಟಿದೆ, ಯಾವ ಕಾರಣಕ್ಕೆ, ತೆಗೆದು ತೋರಿಸಪ್ಪ’ ಎಂದು ಮೆತ್ತಗೆ ಕೇಳಿ. ಬಿಚ್ಚಿದ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದು ನೋಡಿ. ನೋಡುವಾಗ ಮನೆಗೆಲಸದಾಕೆಯನ್ನೂ ಪಕ್ಕಕ್ಕೆ ಕರೆದುಕೊಳ್ಳಿ. ನಿತ್ಯ ಆ ಯಂತ್ರದ ಮುಂದೆ ನಿಲ್ಲುವವಳು ಅವಳು, ಮೊದಲು ತಿಳಿಯಬೇಕಾದದ್ದೂ ಅವಳಿಗೇ.